ಒಂದು ಕಣ್ಣಿಗೆ ಏಟು ಬಿದ್ದೋರ ಡಿಸ್ಚಾರ್ಜ್ ಚೀಟಿಯಲ್ಲಿ ಇನ್ನೊಂದು ಕಣ್ಣಿನ ವಿಷಯಾನೂ ಬರೀರಿ: ಆರೋಗ್ಯ ಸಚಿವರಿಗೂ ಕಾರ್ಮಿಕ ಸಚಿವರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ಮಾನ್ಯ ಕಾರ್ಮಿಕ ಸಚಿವರಿಗೆ, ಹಾಗೇ ಇದನ್ನ ಓದ್ತಿರೋ ಎಲ್ಲಾ ಬೆಂಗಳೂರಿನೋರಿಗೂ ನಮಸ್ಕಾರ.

ಸುತ್ತಿ ಬಳಸಿ ಮಾತಾಡಲ್ಲ, ಕೇಳ್ಬೇಕಾಗಿರೋದನ್ನ ಮೊದಲೇ ಕೇಳ್ಬಿಡ್ತೀನಿ. ಕಣ್ಣುಗುಡ್ಡೆ ಹರಿದೋ ತೂತಾಗೋ ಆಸ್ಪತ್ರೆಗೆ ಬಂದು ಹೊಲಿಗೆ ಹಾಕಿಸ್ಕೊಂಡು ಮನೆಗೆ ಹೋಗ್ತಾರಲ್ಲ, ಅವರ ಡಿಸ್ಚಾರ್ಜ್ ಚೀಟಿ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಎರಡು ಮೂರು ಸಾಲು ಪ್ರಿಂಟ್ ಮಾಡ್ಸಿ. ಏನಂತ ಅಂದ್ರೆ, "ಏಟು ಬೀಳದೆ ಇರೋ ಇನ್ನೊಂದು ಕಣ್ಣು ಕೆಂಪಾದ್ರೆ, ಮಂಜಾದ್ರೆ, ಬೆಳಕು ನೋಡಕ್ಕಾಗದಿದ್ರೆ, ಕಣ್ಣ ಮುಂದೆ ಕಪ್ಪು ಚುಕ್ಕಿ ಓಡಾಡಿದ್ರೆ, ಹತ್ರದ್ದು ಓದೋಕೆ ಕಷ್ಟ ಆದ್ರೆ, ಅವತ್ತೇ ಕಣ್ಣಿನ ಆಸ್ಪತ್ರೆಗೆ ಬನ್ನಿ, ಹಳೇ ಗಾಯದ ವಿಷಯ ಡಾಕ್ಟರ್ ಹತ್ರ ಹೇಳಿ. ಎಷ್ಟೇ ವರ್ಷ ಆಗಿದ್ರೂ ಬನ್ನಿ." ಅಷ್ಟೇ. ಇದಕ್ಕೆ ಹೊಸ ಯೋಜನೆ ಬೇಡ, ಟೆಂಡರ್ ಬೇಡ, ಒಂದು ಸುತ್ತೋಲೆ ಸಾಕು. ಯಾಕಂದ್ರೆ ಒಂದು ಕಣ್ಣಿಗೆ ಆದ ಗಾಯದಿಂದ ಇನ್ನೊಂದು ಕಣ್ಣೂ ಹೋಗಬಹುದಾದ ಅಪರೂಪದ ಕಾಯಿಲೆ ಒಂದಿದೆ, ಸಿಂಪಥೆಟಿಕ್ ಆಫ್ತಾಲ್ಮಿಯಾ ಅಂತ.

ನಾನು ಡಾಕ್ಟರ್ ಅಲ್ಲ. ಆಪ್ಟೊಮೆಟ್ರಿ (ನೋಟ ಪರೀಕ್ಷೆ ಮಾಡಿ ಕನ್ನಡಕ ಬರೆಯೋ ಓದು) ಓದಿ, ಕಣ್ಣಾಸ್ಪತ್ರೆ ಒಂದರಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ, ಈಗ ಪೀಣ್ಯ ಎರಡನೇ ಹಂತದ ಹತ್ರ ಸಣ್ಣದೊಂದು ಕನ್ನಡಕದ ಅಂಗಡಿ ಇಟ್ಕೊಂಡಿದೀನಿ. ನನ್ನ ಅಂಗಡಿಗೆ ಬರೋರಲ್ಲಿ ಅರ್ಧಕ್ಕರ್ಧ ಜನ ಲೇತ್, ಮಿಲ್ಲಿಂಗ್, ಗ್ರೈಂಡಿಂಗ್, ವೆಲ್ಡಿಂಗ್ ಮಾಡೋರು. ಕಣ್ಣಿಗೆ ಧೂಳು ಬಿತ್ತು ಅಂತ ಬರ್ತಾರೆ, ಕಿಡಿ ಹಾರಿತು ಅಂತ ಬರ್ತಾರೆ, ಪಕ್ಕದ ಮೆಷಿನ್‌ನೋನು ಕರ್ಚೀಫ್ ತುದಿಯಲ್ಲಿ ತೆಗೆದುಕೊಟ್ಟ, ಇನ್ನೂ ಚುಚ್ತಿದೆ ನೋಡಿ ಅಂತ ಬರ್ತಾರೆ (ದಯವಿಟ್ಟು ಆ ಕರ್ಚೀಫ್ ಡಾಕ್ಟರಿಕೆ ನಿಲ್ಸಿ ಅಣ್ಣಂದಿರಾ, ಕೈ ಮುಗೀತೀನಿ). ಬಹುಪಾಲು ಮೇಲ್ಮೇಲಿನ ಗಾಯ, ವಾಸಿಯಾಗುತ್ತೆ. ಉಳಿ ಮೇಲೆ ಸುತ್ತಿಗೆಯಲ್ಲಿ ಹೊಡೆದಾಗ ಚೂರು ಸಿಡಿದು ಒಳಗೇ ನುಗ್ಗೋದು, ಗ್ರೈಂಡಿಂಗ್ ವೀಲ್ ಒಡೆದು ತುಂಡು ಹೊಡೆಯೋದು, ಇವು ಬೇರೆ ಲೆಕ್ಕ. ನಾನು ಬರೀತಿರೋದು ಇಂಥ ಗಾಯದ ಬಗ್ಗೆ.

ಸ್ವಲ್ಪ ಕಾಲದ ಹಿಂದೆ ಒಬ್ಬ ಟರ್ನರ್ ಬಂದ್ರು, ಇನ್ನೂ ಮೂವತ್ತು ತುಂಬಿಲ್ಲ. "ಅಕ್ಕ, ಒಂದು ರೀಡಿಂಗ್ ಗ್ಲಾಸ್ ಕೊಡಿ, ರೆಡಿಮೇಡ್ ಆದ್ರೂ ಪರ್ವಾಗಿಲ್ಲ, ವರ್ನಿಯರ್ ಮೇಲಿನ ಗೀಟೆಲ್ಲ ಒಂದರ ಮೇಲೊಂದು ಕೂತಂಗೆ ಕಾಣ್ತಿದೆ, ಓನರ್ ಬೈತಿದಾರೆ" ಅಂದ್ರು. ಬಲಗಣ್ಣಲ್ಲಿ ಬಿಳೀ ಗಾಯದ ಗೀಟು, ನಡುವಿನ ಕಪ್ಪು ಪಾಪೆ ಗಾಯದ ಕಡೆಗೆ ಎಳ್ಕೊಂಡಿತ್ತು, ನೋಡಿದ ತಕ್ಷಣ ಗೊತ್ತಾಗುತ್ತೆ ಅದು ಹೊಲಿಗೆ ಬಿದ್ದ ಕಣ್ಣು ಅಂತ. ಎಡಗಣ್ಣು ಅವರ ಪ್ರಕಾರ "ಚೆನ್ನಾಗಿರೋ ಕಣ್ಣು". ದೂರದ ಬೋರ್ಡ್ ಓದ್ಸಿದೆ, ಕೊನೇ ಸಾಲು ಬಿಟ್ರೆ ಎಲ್ಲಾ ಓದಿದ್ರು. ಹತ್ರದ ಕಾರ್ಡ್ ಕೊಟ್ರೆ ಕೈ ಪೂರ್ತಿ ಚಾಚಿ ಹಿಡ್ಕೊಂಡ್ರು, ಟ್ರಯಲ್ ಫ್ರೇಮ್‌ಗೆ ಪ್ಲಸ್ ಒಂದೂವರೆ ಹಾಕಿದ್ಮೇಲೆ ಸಲೀಸಾಗಿ ಓದಿದ್ರು. ನಲವತ್ತು ದಾಟಿದೋರಿಗೆ ಹಾಕೋ ಪವರ್ ಅದು, ಆ ವಯಸ್ಸಿಗೆ ಅದು ಬೇಕಾಗೋ ಮಾತೇ ಇಲ್ಲ. ಟಾರ್ಚ್ ಹಿಡಿದ್ರೆ ತಲೆ ಹಿಂದಕ್ಕೆ ಎಳ್ಕೊಂಡ್ರು, ನೀರು ಸುರೀತು. ಗಾಯ ಆಗಿ ಎರಡು ತಿಂಗಳ ಮೇಲಾಗಿತ್ತಂತೆ.

ಅಲ್ಲೇ ಗ್ಲಾಸ್ ಕೊಡಲ್ಲ ಅಂದೆ. ಒಂದು ಚೀಟಿ ಬರೆದು, ಇವತ್ತೇ ಹೋಗಿ ರೆಟಿನಾ ಡಾಕ್ಟರಿಗೋ ಯುವಿಯೈಟಿಸ್ (ಕಣ್ಣೊಳಗಿನ ಉರಿಯೂತ) ನೋಡೋರಿಗೋ ತೋರಿಸ್ಬೇಕು ಅಂದಾಗ ಅವರು ನನ್ನನ್ನೇ ವಿಚಿತ್ರವಾಗಿ ನೋಡಿದ್ರು, "ಪೆಟ್ಟು ಬಿದ್ದಿದ್ದು ಬಲಗಣ್ಣಿಗಲ್ವಾ ಅಕ್ಕ, ಇದಕ್ಕೇನಾಗಿದೆ?" ಅವರ ಜೇಬಲ್ಲೇ ಮಡಚಿಟ್ಟಿದ್ದ ಡಿಸ್ಚಾರ್ಜ್ ಪೇಪರ್ ತೆಗೆದು ನೋಡಿದೆ. ಎಲ್ಲಾ ಇಂಗ್ಲಿಷ್, ಅದೂ ಕ್ಯಾಪಿಟಲ್ ಅಕ್ಷರ, ಓಪನ್ ಗ್ಲೋಬ್ ಇಂಜುರಿ (ಅಂದ್ರೆ ಗುಡ್ಡೆ ಹರಿದ ಗಾಯ), ರಿಪೇರ್ ಡನ್, ಡ್ರಾಪ್ಸ್ ಹೆಸರುಗಳು, ಒಂದು ವಾರ ಬಿಟ್ಟು ರಿವ್ಯೂ. ಇನ್ನೊಂದು ಕಣ್ಣಿನ ಬಗ್ಗೆ ಒಂದು ಅಕ್ಷರ ಇಲ್ಲ. ಆಸ್ಪತ್ರೆ ಹೆಸರು ಹೇಳಲ್ಲ, ಯಾಕಂದ್ರೆ ಹೊಲಿಗೆ ಚೆನ್ನಾಗೇ ಹಾಕಿದ್ರು, ರಾತ್ರಿ ಹೊತ್ತಲ್ಲಿ ಬಂದೋರಿಗೆ ಕೂಡ್ಲೇ ಆಪರೇಷನ್ ಮಾಡಿದ್ರು. ಡಾಕ್ಟರು ಬಾಯಲ್ಲಿ ಹೇಳಿರಲೂಬಹುದು. ಆದ್ರೆ ಒಂದು ಕಣ್ಣು ಹೋಯ್ತು ಅಂತ ಗೊತ್ತಾದ ದಿನ ಬಾಯಲ್ಲಿ ಹೇಳಿದ್ದು ಯಾರ ತಲೆಗೆ ಹೋಗುತ್ತೆ ಹೇಳಿ.

ಮೊದಲೇ ಹೇಳಿದ ಸಿಂಪಥೆಟಿಕ್ ಆಫ್ತಾಲ್ಮಿಯಾ ಇದೇ. ಒಂದು ಕಣ್ಣಿಗೆ ಒಳಗಿನವರೆಗೂ ಗಾಯ ಆದ್ಮೇಲೆ ಎರಡೂ ಕಣ್ಣಿನ ಒಳಪದರದಲ್ಲಿ ಉರಿಯೂತ ಶುರುವಾಗುತ್ತೆ, ಏಟು ತಿನ್ನದೇ ಇದ್ದ ಕಣ್ಣೂ ಕುರುಡಾಗಬಹುದು. ಇದೇನು ಹೊಸ ಕಾಯಿಲೆ ಅಲ್ಲ, ಗ್ಲಾಸ್ಗೋದ ವಿಲಿಯಂ ಮೆಕೆಂಜಿ ಅನ್ನೋ ಡಾಕ್ಟರು 1840ರಲ್ಲೇ ಇದನ್ನ ವಿವರವಾಗಿ ಬರೆದಿಟ್ಟಿದಾರೆ, 1905ರಲ್ಲಿ ಅರ್ನ್ಸ್ಟ್ ಫುಕ್ಸ್ ಮೈಕ್ರೋಸ್ಕೋಪ್ ಕೆಳಗೆ ಇಟ್ಟು ಒಳಗೆ ಏನಾಗುತ್ತೆ ಅಂತಾನೂ ತೋರ್ಸಿದಾರೆ. ಬ್ರೈಲ್ ಲಿಪಿ ಕೊಟ್ಟ ಲೂಯಿ ಬ್ರೈಲ್ ಇದಾರಲ್ಲ, ಅವರಪ್ಪ ಕುದುರೆ ಜೀನು ಹೊಲಿಯೋರು, ಮಗು 1812ರಲ್ಲಿ, ಮೂರು ವರ್ಷ ಇದ್ದಾಗ, ಅಪ್ಪನ ಕೆಲಸದ ಕೋಣೆಯಲ್ಲಿ ಚರ್ಮ ಚುಚ್ಚೋ ಹತಾರ ಹಿಡ್ಕೊಂಡು ಆಡೋವಾಗ ಅದು ಒಂದು ಕಣ್ಣಿಗೆ ಚುಚ್ತು, ಐದು ವರ್ಷ ಆಗೋಷ್ಟರಲ್ಲಿ ಎರಡೂ ಕಣ್ಣು ಹೋಗಿತ್ತು. ಅದು ಇದೇ ಕಾಯಿಲೆ ಇರ್ಬೇಕು ಅಂತ ಎಷ್ಟೋ ಕಣ್ಣಿನ ಡಾಕ್ಟರುಗಳು ಹೇಳ್ತಾರೆ. ಪ್ರತೀ ಜನವರಿ 4ಕ್ಕೆ ಬ್ರೈಲ್ ದಿನ ಅಂತ ಭಾಷಣ ಮಾಡ್ತೀವಿ, ಅವರಿಗೆ ಯಾಕೆ ಎರಡೂ ಕಣ್ಣು ಹೋಯ್ತು ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ.

ಯಾಕೆ ಹೀಗಾಗುತ್ತೆ ಅಂತ ಎಲ್ಲರೂ ಕೇಳ್ತಾರೆ, ನಂಗೆ ತಿಳಿದಷ್ಟು ಹೇಳ್ತೀನಿ. ನಮ್ಮ ಕಣ್ಣಿನ ಒಳಗಿರೋ ಬಣ್ಣದ ಪದರ, ರೆಟಿನಾ ಎಲ್ಲ ಹುಟ್ಟಿದಾಗಿಂದ ಗೋಡೆ ಒಳಗೇ ಇರುತ್ತೆ, ಮೈಯಲ್ಲಿ ರೋಗ ತಡೆಯೋ ಜೀವಕೋಶಗಳಿಗೆ ಅದರ ಗುರ್ತು ಸರಿಯಾಗಿ ಸಿಕ್ಕಿರಲ್ಲ. ಅಪಾರ್ಟ್‌ಮೆಂಟಲ್ಲಿ ಮನೆಯಿಂದ ಆಚೆಗೇ ಬರದ ತಾತ ಒಬ್ರಿದಾರೆ ಅಂದ್ಕೊಳಿ, ಒಂದಿನ ಗೋಡೆ ಬಿದ್ದು ಆಚೆ ಬಂದ್ರೆ ಸೆಕ್ಯುರಿಟಿಯೋನು ಯಾರೋ ಕಳ್ಳ ಅಂತ ಹಿಡೀತಾನೆ, ಅದೇ ಮುಖದ ಅವಳಿ ತಮ್ಮ ಪಕ್ಕದ ಮನೆಯಲ್ಲಿದ್ರೆ ಬಾಗ್ಲು ಒಡೆದು ಅವರನ್ನೂ ಹಿಡೀತಾನೆ. ಹಂಗೇ ಇದು. ಗುಡ್ಡೆ ಹರಿದಾಗ ಒಳಗಿನ ವಸ್ತು ಆಚೆ ಬರುತ್ತೆ, ಕಣ್ಣಿನ ಹೊರಗಿನ ಪದರದಿಂದ ದುಗ್ಧರಸ ಗ್ರಂಥಿಗಳವರೆಗೆ ಸುದ್ದಿ ಹೋಗುತ್ತೆ, ಅಲ್ಲಿ ಟಿ ಕೋಶ ಅನ್ನೋ ರೋಗ ತಡೆಯೋ ಕೋಶಗಳು ರೆಡಿಯಾಗಿ, ಅದೇ ವಸ್ತು ಇರೋ ಎರಡೂ ಕಣ್ಣಿನ ಮೇಲೆ ಬೀಳುತ್ವೆ. ಇದು ಸೋಂಕಲ್ಲ, ಒಂದು ಕಣ್ಣಿನ ಕೀವು ಇನ್ನೊಂದಕ್ಕೆ ಹರಿದು ಹೋಗೋದೂ ಅಲ್ಲ.

ಹೆದರ್ಸಕ್ಕೆ ಬರೀತಿಲ್ಲ, ಹಾಗಾಗಿ ಲೆಕ್ಕಾನೂ ಹೇಳ್ಬೇಕು. ಗುಡ್ಡೆ ತೂತಾಗೋ ಗಾಯ ಆದೋರಲ್ಲಿ ಸುಮಾರು 0.2ರಿಂದ 0.5 ಪರ್ಸೆಂಟ್, ಅಂದ್ರೆ ಸಾವಿರಕ್ಕೆ ಎರಡರಿಂದ ಐದು ಜನ ಅಂತ ಕಣ್ಣಿನ ಪುಸ್ತಕಗಳು ಹೇಳ್ತವೆ. ಕಣ್ಣಿನ ಒಳಗಿನ ಆಪರೇಷನ್ ಆದ್ಮೇಲೆ ಬರೋದು ಇನ್ನೂ ಅಪರೂಪ, ಹತ್ತು ಸಾವಿರಕ್ಕೆ ಒಂದು ಅನ್ನೋ ಲೆಕ್ಕ, ಹಾಗಾಗಿ ಪೊರೆ ಆಪರೇಷನ್‌ಗೆ ಡೇಟ್ ತಗೊಂಡಿರೋ ಅಜ್ಜಿ ತಾತಂದಿರು ಇದನ್ನ ಓದ್ಕೊಂಡು ಕ್ಯಾನ್ಸಲ್ ಮಾಡ್ಬೇಡಿ ದಯವಿಟ್ಟು. ಶುರುವಾಗೋ ಹೊತ್ತಿನ ವಿಷಯಕ್ಕೆ ಬಂದ್ರೆ, ಹೆಚ್ಚಿನ ಪಠ್ಯಗಳಲ್ಲಿರೋದು ನೂರಕ್ಕೆ ಎಂಬತ್ತು ಕೇಸ್ ಮೂರು ತಿಂಗಳೊಳಗೆ, ತೊಂಬತ್ತು ಕೇಸ್ ಒಂದು ವರ್ಷದೊಳಗೆ ಅಂತ. ಉಳಿದೋರಿಗೆ ಯಾವಾಗ ಬೇಕಾದ್ರೂ ಬರಬಹುದು, ಹತ್ತಾರು ವರ್ಷ ಆದ್ಮೇಲೆ ಬಂದಿರೋ ಉದಾಹರಣೆಗಳೂ ದಾಖಲಾಗಿವೆ. ಒಂದು ವಾರದ ರಿವ್ಯೂ, ಒಂದು ತಿಂಗಳ ರಿವ್ಯೂ ಮುಗಿದು ಹೊಲಿಗೆ ಒಣಗಿ ಜನ ಆಸ್ಪತ್ರೆ ದಾರಿ ಮರೆತಿರ್ತಾರಲ್ಲ, ಸರಿಯಾಗಿ ಆವಾಗ್ಲೇ ಇದು ಬರೋದು.

ಈಗ ದೀಪಾವಳಿ ವಿಷಯ ತಗೊಳಿ. ನೂರು ವರ್ಷ ದಾಟಿರೋ ನಮ್ಮ ಮಿಂಟೋ ಆಸ್ಪತ್ರೆಯಿಂದ ಹಿಡಿದು ಊರಿನ ಎಲ್ಲಾ ದೊಡ್ಡ ಕಣ್ಣಾಸ್ಪತ್ರೆಗಳೂ ಆ ಮೂರು ದಿನ ಹಗಲೂ ರಾತ್ರಿ ರೆಡಿ ಇರ್ತಾರೆ, ಅವರಿಗೆ ಎಷ್ಟು ಕೈ ಮುಗಿದ್ರೂ ಸಾಲ್ದು. ಟಿವಿಯವರು ಬಾಗಿಲಲ್ಲೇ ಮೈಕ್ ಹಿಡಿದು ಇಷ್ಟು ಮಕ್ಕಳಿಗೆ ಗಾಯ, ಇಷ್ಟು ಜನ ದಾಖಲು ಅಂತ ಸ್ಕ್ರಾಲ್ ಓಡಿಸ್ತಾರೆ. ನಾಲ್ಕನೇ ದಿನ ಸುದ್ದಿ ಮುಗೀತು. ಆದ್ರೆ ಹೂಕುಂಡ ಸಿಡಿದು, ಲಕ್ಷ್ಮೀ ಪಟಾಕಿ ಹೊಡೆದು ಗುಡ್ಡೆ ಹರಿದ ಹುಡುಗನ ಇನ್ನೊಂದು ಕಣ್ಣನ್ನ ಹುಷಾರಾಗಿ ಗಮನಿಸ್ಬೇಕಾಗಿರೋ ಕಾಲ ಸಂಕ್ರಾಂತಿವರೆಗೆ, ರಥಸಪ್ತಮಿವರೆಗೆ ಬರುತ್ತೆ. ಎಳ್ಳು ಬೆಲ್ಲ ಹಂಚೋ ಹೊತ್ತಲ್ಲಿ ಆ ಹುಡುಗ ಬಿಸಿಲಿಗೆ ಕಣ್ಣು ಮುಚ್ಚಿಕೊಳ್ತಿದ್ರೆ ಅದನ್ನ ಪಟಾಕಿಗೆ ಸೇರಿಸಿ ನೋಡೋರು ಮನೆಯಲ್ಲಿ ಯಾರು? ಬುಕ್ ದೂರ ಹಿಡ್ಕೊಂಡು ಓದ್ತಿದಾನೆ ಅಂದ್ರೆ ಮೊಬೈಲ್ ಜಾಸ್ತಿ ನೋಡ್ತಾನೆ ಅಂತ ಬೈಸ್ಕೊಳ್ತಾನೆ, ಅಷ್ಟೇ.

ನಂಗೆ ಹೊಟ್ಟೆ ಉರಿಯೋದು ಇಲ್ಲೇ. ಕಾಯಿಲೆ ಅಪರೂಪದ್ದು ಸರಿ, ಆದ್ರೆ ಅದು ಬಂದಾಗ ಜನ ಕೊಡೋ ಕಾರಣಗಳು ಬಹಳ ನಂಬೋ ಥರ ಇರ್ತವೆ. ಒಂದೇ ಕಣ್ಣಲ್ಲಿ ಎಲ್ಲಾ ನೋಡಿ ನೋಡಿ ಅದಕ್ಕೂ ಸುಸ್ತಾಗಿದೆ ಅಂತಾರೆ, ಎಷ್ಟು ಸಹಜವಾಗಿದೆ ನೋಡಿ ಮಾತು, ಡಾಕ್ಟರಲ್ಲದೋರು ಯಾರು ಬೇಕಾದ್ರೂ ಒಪ್ತಾರೆ. ಕಣ್ಣು ಕೆಂಪಾದ್ರೆ ಮದ್ರಾಸ್ ಐ ಅಂತಾರೆ, ಮೆಡಿಕಲ್ ಶಾಪಿಗೆ ಹೋಗಿ ಒಂದು ಆ್ಯಂಟಿಬಯಾಟಿಕ್ ಡ್ರಾಪ್ಸ್ ತಗೊಂಡು ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಓಡಾಡ್ತಾರೆ. ಮದ್ರಾಸ್ ಐನಲ್ಲಿ ಸಾಮಾನ್ಯವಾಗಿ ಗೀಜು ಬರುತ್ತೆ, ಬೆಳಗ್ಗೆ ರೆಪ್ಪೆ ಅಂಟಿರುತ್ತೆ, ಗೀಜು ಒರೆಸಿದ್ರೆ ನೋಟ ಅಷ್ಟೇನೂ ಕೆಟ್ಟಿರಲ್ಲ. ಇದರಲ್ಲಿ ಗೀಜಿಲ್ಲ, ನೋಟಾನೇ ಮಂಜು, ಬೆಳಕು ತಡೆಯಕ್ಕಾಗಲ್ಲ, ಕೆಲವರಿಗೆ ಕಣ್ಣು ಕೆಂಪೂ ಆಗಲ್ಲ. ಊರಿಗೆ ಹೋದ್ರೆ ಉಷ್ಣ ಆಗಿದೆ ಅಂತ ಹರಳೆಣ್ಣೆ ತಲೆಗೆ, ನಂದಿಬಟ್ಟಲ ಹೂವಿನ ರಸ ಕಣ್ಣಿಗೆ. ಅಜ್ಜಿಯರ ಮೇಲೆ ನಂಗೇನೂ ಕೋಪ ಇಲ್ಲ, ಆದ್ರೆ ಅಲ್ಲಿ ಕಳೆಯೋ ಆ ಎರಡು ವಾರ ಇದಕ್ಕೆ ಬಹಳ ದುಬಾರಿ.

ಯಾಕಂದ್ರೆ ಬೇಗ ಬಂದ್ರೆ ಔಷಧಿ ಇದೆ. ಒಂದು ಕಾಲದಲ್ಲಿ ಇದು ಬಂದ್ರೆ ಮುಗೀತು ಅನ್ನೋ ಹಾಗಿತ್ತು, ಸ್ಟಿರಾಯ್ಡ್ ಬಂದ್ಮೇಲೆ ಕಥೆ ಬದಲಾಯ್ತು. ಜೋರಾಗಿದ್ರೆ ಮೊದಲು ಮೂರು ದಿನ ಡ್ರಿಪ್‌ನಲ್ಲಿ ಮೀಥೈಲ್ ಪ್ರೆಡ್ನಿಸಲೋನ್, ಆಮೇಲೆ ಮಾತ್ರೆ, ಅದನ್ನ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪಾನೇ ಇಳಿಸ್ಕೊಂಡು ಬರೋದು, ಜೊತೆಗೆ ಅಜಥಯೋಪ್ರಿನ್, ಮೈಕೋಫೆನಲೇಟ್ ಥರದ ರೋಗನಿರೋಧಕ ಶಕ್ತಿ ತಗ್ಗಿಸೋ ಮಾತ್ರೆ, ಅದಕ್ಕೆ ಆಗಾಗ ರಕ್ತ ಪರೀಕ್ಷೆ. ಇಲ್ಲೂ ಒಂದು ತೊಡಕಿದೆ. ಮುಖ ಊದುತ್ತೆ, ಹಸಿವು ಜಾಸ್ತಿ ಆಗುತ್ತೆ, ಶುಗರ್ ಏರುತ್ತೆ, ಮನೆಯಲ್ಲಿ ಯಾರಾದ್ರೂ ಸ್ಟಿರಾಯ್ಡ್ ಒಳ್ಳೇದಲ್ಲಪ್ಪ ಬಿಟ್ಬಿಡು ಅಂತಾರೆ, ಕಣ್ಣು ಹೆಂಗಿದ್ರೂ ಚೆನ್ನಾಗಿ ಕಾಣ್ತಿದೆಯಲ್ಲ ಅಂತ ನಿಲ್ಸಿಬಿಡ್ತಾರೆ, ಕಾಯಿಲೆ ಮತ್ತೆ ಬರುತ್ತೆ. ಹಠಾತ್ತಾಗಿ ನಿಲ್ಸೋದು ಮೈಗೂ ಅಪಾಯ. ಹೆಚ್ಚು ಕಮ್ಮಿ ಮಾಡೋದು ಡಾಕ್ಟರ ಕೆಲಸ, ಮಾವನ ಕೆಲಸ ಅಲ್ಲ.

ಗಾಯದ ಕಣ್ಣನ್ನೇ ತೆಗೆದುಬಿಟ್ರೆ ಆಗಲ್ವಾ ಅಂತ ಕೇಳೋರಿದಾರೆ. ಗಾಯ ಆದ ಎರಡು ವಾರದೊಳಗೆ ತೆಗೆದ್ರೆ ಇದನ್ನ ತಡೀಬಹುದು ಅನ್ನೋದು ಹಳೇ ಕಾಲದ ಪದ್ಧತಿ. ಈಗ ಬಹುತೇಕ ಕಡೆ ಮೊದಲು ಹೊಲಿದು ಉಳಿಸೋಕೆ ನೋಡ್ತಾರೆ, ಅದೇ ಸರಿ ಅಂತ ನನ್ನ ಅಭಿಪ್ರಾಯಾನೂ. ಕಾಯಿಲೆ ಶುರುವಾದ್ಮೇಲಂತೂ ಆತುರ ಮಾಡ್ಲೇಬಾರದು, ಕೊನೆಗೆ ಏಟು ಬಿದ್ದ ಕಣ್ಣೇ ಎರಡರಲ್ಲಿ ಚೆನ್ನಾಗಿ ಕಾಣೋ ಕಣ್ಣಾಗಿ ಉಳಿಯೋದೂ ಉಂಟು.

ಕಾರ್ಮಿಕ ಸಚಿವರೇ, ಈಗ ನಿಮ್ಮ ಕಡೆಗೆ. 1948ರ ಫ್ಯಾಕ್ಟರಿ ಕಾಯ್ದೆ ಬರೆದಾಗ್ಲೇ 35ನೇ ಸೆಕ್ಷನ್ ಪೂರ್ತಿ ಕಣ್ಣಿನ ರಕ್ಷಣೆಗೆ ಅಂತ ಇಟ್ಟಿದ್ರು, ಚೂರು ಸಿಡಿಯೋ ಕೆಲಸ ಇದ್ರೆ ಅಡ್ಡ ಪರದೆಯೋ ಗಾಗಲ್ಸೋ ಕೊಡ್ಬೇಕು ಅಂತ ಸರ್ಕಾರ ನಿಯಮ ಮಾಡಬಹುದು ಅಂತ. ಆದ್ರೆ ಪೀಣ್ಯ, ಲಗ್ಗೆರೆ, ಕಾಮಾಕ್ಷಿಪಾಳ್ಯದ ಒಳ ರಸ್ತೆಗಳಲ್ಲಿ ಶೀಟ್ ಹಾಕಿರೋ ಶೆಡ್‌ಗಳಲ್ಲಿ ಎರಡು ಲೇತು ಒಂದು ಡ್ರಿಲ್ಲಿಂಗ್ ಮೆಷಿನ್ ಇಟ್ಕೊಂಡು ನಾಲ್ಕೈದು ಜನ ಕೆಲಸ ಮಾಡ್ತಾರಲ್ಲ, ಅವರು 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಆ ಕಾಯ್ದೆಯ ಲೆಕ್ಕಕ್ಕೇ ಬರ್ತಿರ್ಲಿಲ್ಲ. ಅಲ್ಲಿ ಗಾಗಲ್ಸ್ ಅಂದ್ರೆ ಮೊಳೆಗೆ ನೇತುಹಾಕಿರೋ, ಗೀರು ಬಿದ್ದು ಏನೂ ಕಾಣದ ಒಂದೇ ಒಂದು ಪ್ಲಾಸ್ಟಿಕ್ ವಸ್ತು, ಎಲ್ಲರಿಗೂ ಅದೇ. ಹಾಕ್ಕೊಂಡ್ರೆ ಬೆವರಿಗೆ ಮಬ್ಬಾಗುತ್ತೆ, ಜಾಬ್ ಕಾಣಲ್ಲ, ಪೀಸ್ ರೇಟ್ ಹೋಗುತ್ತೆ. ಹುಡುಗರನ್ನ ಬೈದು ಪ್ರಯೋಜನ ಇಲ್ಲ, ಹಾಕ್ಕೊಳ್ಳೋ ಅಂಥದ್ದು ಕೊಟ್ರೆ ಹಾಕ್ಕೊಳ್ತಾರೆ, ನನ್ನ ಅಂಗಡಿಯಿಂದ ಪವರ್ ಇರೋ ಸೇಫ್ಟಿ ಗ್ಲಾಸ್ ಮಾಡ್ಸಿಕೊಂಡೋರು ಯಾರೂ ಅದನ್ನ ಮೊಳೆಗೆ ನೇತುಹಾಕಿಲ್ಲ.

ಇನ್ನು ಪರಿಹಾರ. 1923ರಲ್ಲಿ ಬಂದು 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಪರಿಹಾರ ಕಾಯ್ದೆಯ ಪಟ್ಟಿ ಪ್ರಕಾರ ಒಂದು ಕಣ್ಣೇ ಹೋಗಿ, ಬೇರೆ ತೊಡಕಿಲ್ಲದೆ, ಇನ್ನೊಂದು ಸರಿಯಿದ್ರೆ ದುಡಿಯೋ ಶಕ್ತಿಯ ನಷ್ಟ 40 ಪರ್ಸೆಂಟ್, ಗುಡ್ಡೆ ಕೆಡದೆ ನೋಟ ಮಾತ್ರ ಹೋದ್ರೆ 30 ಪರ್ಸೆಂಟ್. ಕಣ್ಣು ಬೇಕಾಗೋ ಯಾವ ಕೆಲಸಾನೂ ಮಾಡಕ್ಕಾಗದಷ್ಟು ಎರಡೂ ಹೋದ್ರೆ 100. ಲೆಕ್ಕ ನಿಂತಿರೋದೇ ಇನ್ನೊಂದು ಕಣ್ಣು ಸರಿಯಿದೆ ಅನ್ನೋದರ ಮೇಲೆ, ಆ ಇನ್ನೊಂದು ಕಣ್ಣು ಅವತ್ತು ಸರಿಯಿತ್ತು, ಮೂರು ತಿಂಗಳಾದ್ಮೇಲೆ ಅದೇ ಗಾಯದಿಂದ ಕೆಟ್ರೆ? ಸಣ್ಣ ಶೆಡ್‌ಗಳಲ್ಲಂತೂ ಇದ್ಯಾವುದೂ ಇಲ್ಲ, ಒಂದಿಷ್ಟು ದುಡ್ಡು ಕೈಗಿಟ್ಟು ಬಿಳೀ ಹಾಳೆ ಮೇಲೆ ಇನ್ನೇನೂ ಕೇಳಲ್ಲ ಅಂತ ಸೈನ್ ಹಾಕಿಸ್ಕೊಳ್ತಾರೆ. ಇಲಾಖೆ ಮುಂದೆ ಬರೋ ಪ್ರತೀ ಕಣ್ಣಿನ ಕೇಸಲ್ಲಾದ್ರೂ, ಇದೇ ಗಾಯದಿಂದ ಮುಂದೆ ಇನ್ನೊಂದು ಕಣ್ಣಿಗೆ ತೊಂದ್ರೆ ಆದ್ರೆ ಮತ್ತೆ ಅರ್ಜಿ ಹಾಕಬಹುದು ಅಂತ ಬರೆದು ಕೊಡೋ ವ್ಯವಸ್ಥೆ ಮಾಡಿ. ಇಎಸ್ಐ (ಕಾರ್ಮಿಕರ ಸರ್ಕಾರಿ ವಿಮೆ) ಇರೋರಿಗೆ ಫಾಲೋ ಅಪ್‌ಗೆ ಹೋದ ದಿನದ ಸಂಬಳ ಕಟ್ ಆಗದ ಹಾಗೆ ನೋಡಿ, ಅರ್ಧ ದಿನ ಕ್ಯೂನಲ್ಲಿ ನಿಂತು ಅರ್ಧ ದಿನದ ಕೂಲಿ ಬಿಡೋದು ಅಂದ್ರೆ ಯಾರೂ ಹೋಗಲ್ಲ.

ಆರೋಗ್ಯ ಸಚಿವರೇ, ನಿಮ್ಮ ಹತ್ರ ಚೀಟಿ ಬಿಟ್ಟು ಇನ್ನೊಂದೇ ಕೇಳ್ತೀನಿ. ಆಶಾಕಿರಣ ಯೋಜನೆಯಲ್ಲಿ ಮನೆ ಮನೆಗೆ ಹೋಗಿ ಕಣ್ಣು ನೋಡಿ ಕನ್ನಡಕ ಕೊಡೋ ಕೆಲಸ ಶುರು ಮಾಡಿದೀರಲ್ಲ, ಒಳ್ಳೇ ಕೆಲಸ, ಅಂಗಡಿ ಇಟ್ಟಿರೋಳಾಗಿಯೂ ಹೇಳ್ತೀನಿ. ಆ ಫಾರ್ಮ್‌ಗೆ ಒಂದು ಪ್ರಶ್ನೆ ಸೇರ್ಸಿ, "ಯಾವತ್ತಾದ್ರೂ ಒಂದು ಕಣ್ಣಿಗೆ ಏಟು ಬಿದ್ದು ಹೊಲಿಗೆ ಹಾಕಿಸಿದ್ರಾ?" ಹೌದು ಅಂದ್ರೆ ಆ ಎರಡು ಮೂರು ಸಾಲಿನ ಚೀಟಿ ಅವರ ಕೈಗೂ ಕೊಡಿ. ನನ್ನಂಥ ಕನ್ನಡಕದ ಅಂಗಡಿಯವರಿಗೂ, ಮೆಡಿಕಲ್ ಶಾಪಿನವರಿಗೂ ಅದೇ ಸಾಲು ಒಂದು ಸ್ಟಿಕ್ಕರ್ ಮಾಡಿ ಕಳ್ಸಿ, ಯಾಕಂದ್ರೆ ಜನ ಡಾಕ್ಟರ ಹತ್ರ ಹೋಗೋ ಮೊದಲು ನಮ್ಮ ಕೌಂಟರ್‌ಗೇ ಬರೋದು, ಒಬ್ಬರು ರೀಡಿಂಗ್ ಗ್ಲಾಸ್ ಕೊಟ್ಟು ಕಳಿಸ್ತೀವಿ, ಒಬ್ಬರು ಡ್ರಾಪ್ಸ್ ಕೊಟ್ಟು ಕಳಿಸ್ತೀವಿ. ಪೀಣ್ಯದಲ್ಲಿ ಕನ್ನಡ ಒಂದೇ ಸಾಲಲ್ಲ, ಹಿಂದಿ, ಒಡಿಯಾ, ತಮಿಳು, ತೆಲುಗಲ್ಲೂ ಹಾಕ್ಸಿ, ಮೆಷಿನ್ ಮುಂದೆ ನಿಂತಿರೋರು ಯಾರು ಅಂತ ನಿಮಗೂ ಗೊತ್ತು.

ಇಷ್ಟು ಅಪರೂಪದ ಕಾಯಿಲೆಗೆ ಎಲ್ಲರನ್ನೂ ಯಾಕೆ ಹೆದರಿಸ್ಬೇಕು ಅಂತ ಒಬ್ಬ ಪರಿಚಯದ ಡಾಕ್ಟರು ನನ್ನ ಹತ್ರಾನೇ ವಾದ ಮಾಡಿದ್ರು. ನಾಯಿ ಕಚ್ಚಿದೋರಿಗೆ ಇಂಜೆಕ್ಷನ್ ತಾರೀಖು ಬರೆದ ಕಾರ್ಡ್ ಕೊಡ್ತೀರಲ್ಲ ಸರ್, ಕಚ್ಚಿದ ನಾಯಿಗೆಲ್ಲಾ ಹುಚ್ಚು ಇರುತ್ತಾ ಅಂದೆ, ಸುಮ್ನಾದ್ರು. ಒಂದು ಕಣ್ಣು ಕಳ್ಕೊಂಡೋರಿಗೆ ಹೆದರಿಕೆ ಆಗ್ಲೇ ಇದೆ, ಯಾವುದಕ್ಕೆ ಹೆದರ್ಬೇಕು, ಯಾವಾಗ ಓಡಿ ಬರ್ಬೇಕು ಅನ್ನೋದು ಗೊತ್ತಿಲ್ಲ ಅಷ್ಟೇ.

ಅಂದ್ಹಾಗೆ ಆ ಟರ್ನರ್ ಅವತ್ತೇ ಹೋಗಿ ತೋರ್ಸಿದ್ರು, ಅಡ್ಮಿಟ್ ಮಾಡ್ಕೊಂಡ್ರು, ಈಗ ಎಡಗಣ್ಣಿನ ನೋಟ ಬಹುಪಾಲು ವಾಪಸ್ ಬಂದಿದೆ, ಮಾತ್ರೆ ಇನ್ನೂ ನಡೀತಿದೆ. ಸುತ್ತೋಲೆ ಹೊರಡೋವರೆಗೂ ನಾನೇ ಆ ಸಾಲುಗಳನ್ನ ಎ4 ಹಾಳೆಯಲ್ಲಿ ಪ್ರಿಂಟ್ ತೆಗೆಸಿ ಅಂಗಡಿ ಬಾಗಿಲಿಗೆ ಅಂಟಿಸಿದೀನಿ, ಯಾರಿಗೆ ಬೇಕಾದ್ರೂ ಫೋಟೋ ತಕ್ಕೊಂಡು ಅವರ ಶೆಡ್‌ಗೆ ಅಂಟಿಸ್ಕೊಳ್ಳಬಹುದು. ಇಲಾಖೆಯವರು ಅದರಲ್ಲಿ ತಪ್ಪಿದ್ರೆ ತಿದ್ದಿ ಕೊಡ್ಲಿ.

ಇಂತಿ,
ಪೀಣ್ಯದ ಒಬ್ಬ ಕನ್ನಡಕದ ಅಂಗಡಿಯವಳು